ಹಂಪ್ ಹತ್ತಿದರೆ ಮುಂದುಗಡೆ ಕಟಕಟ ಸದ್ದು, ಕಾರು ಎಡಕ್ಕೆ ಎಳೆಯುತ್ತದೆ. ಸ್ಟೀರಿಂಗ್ ರ‍್ಯಾಕ್ ಬದಲಿಸಲೇಬೇಕಾ?

ಗ್ಯಾರೇಜಿನವರು ಜಾಕಿ ಹಾಕದೆ, ಒಂದು ಸುತ್ತು ಓಡಿಸಿ ರ‍್ಯಾಕ್ (ಸ್ಟೀರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ತಲುಪಿಸುವ ಭಾಗ) ಹೋಗಿದೆ ಅಂದರು ಅಂತ ಬರೆದಿದ್ದೀರಿ. ಹಾಗಾದರೆ ಈಗಲೇ ಒಪ್ಪಬೇಡಿ. ರ‍್ಯಾಕ್ ದುಬಾರಿ. ಅದೇ ಥರ ಸದ್ದು ಮಾಡುವ ಅಗ್ಗದ ಸಾಮಾನುಗಳು ನಾಲ್ಕೈದು ಇವೆ. ಹಳೆ ಕಾರುಗಳನ್ನೇ ಓಡಿಸುವವನಾದ್ದರಿಂದ ನಾನು ಮೊದಲು ನೋಡೋದು ಅವನ್ನೇ.

ಹಂಪನ್ನು ನಿಧಾನವಾಗಿ ಒಮ್ಮೆ ನೇರವಾಗಿ, ಒಮ್ಮೆ ಓರೆಯಾಗಿ ಹತ್ತಿಸಿ. ಓರೆಯಾದಾಗ ಸದ್ದು ಜಾಸ್ತಿಯಾದರೆ ನನ್ನ ಅನುಮಾನ ಲಿಂಕ್ ರಾಡ್ (ಕಾರು ವಾಲದಂತೆ ತಡೆಯುವ ಅಡ್ಡ ಬಾರನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಚಿಕ್ಕ ಸರಳು) ಮೇಲೆ. ಎರಡೂ ಚಕ್ರ ಒಟ್ಟಿಗೆ ಏರಿದರೆ ಅದಕ್ಕೆ ಹೆಚ್ಚು ಕೆಲಸ ಇರಲ್ಲ. ಬ್ರೇಕ್ ಹಾಕಿದಾಗ ಒಂದೇ ಸಲ ‘ದಡ್’ ಅಂದರೆ ಲೋವರ್ ಆರ್ಮ್ ಬುಷ್ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ ರಬ್ಬರ್) ನೋಡಿಸಿ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ‘ಟಂಗ್’ ಅಂದರೆ ಶಾಕಪ್ ಮೇಲಿನ ಮೌಂಟ್ (ಅದನ್ನು ಬಾಡಿಗೆ ಕೂರಿಸುವ ಭಾಗ). ಪೂರ್ತಿ ತಿರುಗಿಸಿಕೊಂಡು ಹೊರಟಾಗ ಟಕ್ ಟಕ್ ಅಂದರೆ ಆಕ್ಸಲ್ಲಿನ ಸಿವಿ ಜಾಯಿಂಟ್ (ಎಂಜಿನ್ನಿನ ಬಲವನ್ನು ಚಕ್ರಕ್ಕೆ ತಲುಪಿಸುವ ಕೀಲು), ಸಸ್ಪೆನ್ಷನ್‌ಗೂ ಅದಕ್ಕೂ ಸಂಬಂಧವಿಲ್ಲ.

ಆಮೇಲೆ ಜಾಕಿ. ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಕಾರಿನ ಕೆಳಗೆ ಮಾತ್ರ ತೂರಬೇಡಿ. ಎತ್ತಿದ ಚಕ್ರವನ್ನು ಎಡ ಬಲ ಹಿಡಿದು ಅಲುಗಾಡಿಸಿ. ಅಲ್ಲಿ ಪ್ಲೇ (ಸಡಿಲ ಅಲುಗಾಟ) ಇದ್ದರೆ ಟೈ ರಾಡ್ ಎಂಡ್ (ಸ್ಟೀರಿಂಗ್ ಸರಳಿನ ಚಕ್ರದ ಕಡೆಯ ಕೀಲು), ಇಲ್ಲವೇ ಅದೇ ಸರಳಿನ ಒಳಗಿನ ರ‍್ಯಾಕ್ ಎಂಡ್. ‘ರ‍್ಯಾಕ್ ಹೋಗಿದೆ’ ಅನ್ನೋದು ಎಷ್ಟೋ ಸಲ ಈ ರ‍್ಯಾಕ್ ಎಂಡ್ ವಿಷಯವೇ. ಹೆಚ್ಚಿನ ಕಾರುಗಳಿಗೆ ಅದು ಬಿಡಿಯಾಗಿ ಸಿಗುತ್ತದೆ. ಇನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಅಲ್ಲೂ ಪ್ಲೇ ಕಂಡರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಪ್ಲೇ ಮಾಯವಾದರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ (ಲೋವರ್ ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಕೀಲು). ಬಾಲ್ ಜಾಯಿಂಟ್ ಆದರೆ ಗ್ಯಾರೇಜಿನವರೆಗೂ ಓಡಿಸಬೇಡಿ, ಮೆಕ್ಯಾನಿಕ್‌ನ ಕರೆಸಿ. ಅದು ಕಳಚಿಕೊಂಡರೆ ಚಕ್ರ ಹೊರಕ್ಕೆ ಮಗುಚಿ ಕಾರು ಕೈಗೆ ಸಿಗಲ್ಲ.

ಲಿಂಕ್ ರಾಡನ್ನು ಒಂದೇ ಕಡೆ ಎತ್ತಿ ನೋಡಿದರೆ ಗೊತ್ತಾಗಲ್ಲ, ಬಾರ್ ಬಿಗಿದುಕೊಂಡಿರುತ್ತದೆ. ಎರಡೂ ಚಕ್ರ ನೆಲದ ಮೇಲಿರುವಾಗ ಸ್ಟೀರಿಂಗ್ ತಿರುಗಿಸಿಟ್ಟು, ಎಂಜಿನ್ ಆಫ್ ಮಾಡಿ, ಕೈ ಹಾಕಿ ಅಲುಗಾಡಿಸಿ.

ಎಡಕ್ಕೆ ಎಳೆಯೋದು ಬೇರೆಯದೇ ತೊಂದರೆ ಇರಬಹುದು. ನಮ್ಮ ರಸ್ತೆಗಳು ನೀರು ಹರಿಯಲು ಎಡಕ್ಕೆ ಇಳಿಜಾರಾಗಿರುತ್ತವೆ, ಸ್ವಲ್ಪ ಎಳೆದರೆ ಅದು ರೋಗವಲ್ಲ. ಗಾಳಿ ಸರಿ ಇದೆಯಾ ನೋಡಿ. ಆಮೇಲೆ ಮುಂದಿನ ಎರಡು ಟೈರುಗಳನ್ನು ಅದಲು ಬದಲು ಮಾಡಿ (ಬಾಣದ ಗುರುತಿನ ಟೈರಾದರೆ ಬೇಡ). ಈಗ ಬಲಕ್ಕೆ ಎಳೆದರೆ ಟೈರೇ ಕಾರಣ. ಬದಲಾಗದಿದ್ದರೆ, ಓಡಿಸಿ ಬಂದ ಮೇಲೆ ಎಡ ಚಕ್ರದ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಬಲಗಡೆಗಿಂತ ಜಾಸ್ತಿ ಬಿಸಿ ಹೊಡೆದರೆ ಬ್ರೇಕ್ ಹಿಡಿದುಕೊಂಡಿದೆ.

ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸೋದು) ಕೊನೆಗೆ. ಬುಷ್, ಟೈ ರಾಡ್ ಸಡಿಲ ಇರುವಾಗಲೇ ಮಾಡಿಸಿದರೆ ಸುಮ್ನೆ ದುಡ್ಡು ದಂಡ. ಅವನ್ನು ಬದಲಿಸಿದ ಮೇಲೆ ಹೇಗೂ ಮತ್ತೆ ಮಾಡಿಸಲೇಬೇಕು, ಅಲ್ವಾ?