ಕೇಳದೆ ತೆಗೆದ ಫೋಟೊ, ಹೆಸರಿಲ್ಲದ ಚೀಟಿ

ಪ್ರಶ್ನೆ: ನಮ್ಮ ಶಾಲೆಯ ಐದನೇ ತರಗತಿಯಲ್ಲಿ 24 ಮಕ್ಕಳು, ದಾನಿಗಳು ಕೊಟ್ಟ 8 ಟ್ಯಾಬ್‌ಗಳು. ಬಿಸಿಯೂಟದ ಹೊತ್ತಿನಲ್ಲಿ ಒಬ್ಬ ಹುಡುಗ, ಬಾಯ್ತುಂಬ ಅನ್ನವಿದ್ದ ಹುಡುಗಿಯೊಬ್ಬಳ ಫೋಟೊ ತೆಗೆದು, ಮೀಸೆ ಗೀಚಿ ಎಲ್ಲರಿಗೂ ತೋರಿಸಿದ. ಅವಳು ಎರಡು ದಿನ ಶಾಲೆಗೇ ಬರಲಿಲ್ಲ. ಟ್ಯಾಬ್‌ಗಳನ್ನು ಬೀರುವಿಗೆ ಹಾಕಿ ಬೀಗ ಜಡಿಯಿರಿ ಎನ್ನುತ್ತಿದ್ದಾರೆ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು). ಏನು ಮಾಡಲಿ?
– ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬೀಗ ಹಾಕಬೇಡಿ. ಆ ಹುಡುಗ ಸಂಜೆ ಅಪ್ಪನ ಫೋನಿನಲ್ಲಿ ಅದನ್ನೇ ಮಾಡಿದರೆ ತಿದ್ದಲು ಅಲ್ಲಿ ನೀವಿರುವುದಿಲ್ಲ.

ಮೊದಲು ಆ ಫೋಟೊ ನಿಜಕ್ಕೂ ಹೋಗಬೇಕು. ಗೀಚಿದ ಚಿತ್ರ ಸಾಮಾನ್ಯವಾಗಿ ಬೇರೆ ಪ್ರತಿಯಾಗಿ ಉಳಿಯುತ್ತದೆ. ಹಾಗಾಗಿ ಮೂಲ ಫೋಟೊ, ಗೀಚಿದ್ದು ಎರಡನ್ನೂ ಅಳಿಸಿ. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದ್ದು ಬ್ಯಾಕಪ್ ಆಗಿದ್ದರೆ 60 ದಿನ, ಇಲ್ಲದಿದ್ದರೆ 30 ದಿನ ಅದರ ಕಸದ ಬುಟ್ಟಿಯಲ್ಲೇ ಇರುತ್ತದೆ. ಅದನ್ನೂ ಖಾಲಿ ಮಾಡಿ. ಬ್ಲೂಟೂತ್ ಅಥವಾ ಕ್ವಿಕ್ ಶೇರ್‌ನಲ್ಲಿ ಉಳಿದ ಏಳು ಟ್ಯಾಬ್‌ಗಳಿಗೆ ಹೋಗಿದೆಯೇ ನೋಡಿ. ಆಮೇಲೆ ಎಲ್ಲವೂ ಅಳಿಸಿಹೋಗಿರುವುದನ್ನು ಹುಡುಗಿಗೂ ಅವಳ ಅಮ್ಮನಿಗೂ ತೋರಿಸಿ. ಹುಡುಗನಿಂದ ತರಗತಿಯ ಎದುರು ಕ್ಷಮೆ ಕೇಳಿಸಬೇಡಿ. ಮರೆತವರಿಗೂ ಆ ಫೋಟೊ ನೆನಪಾಗುತ್ತದೆ.

ಇನ್ನು ಪಾಠ. 40 ನಿಮಿಷದ ಒಂದು ಪೀರಿಯಡ್ ಸಾಕು. ಮೂವರಿಗೊಂದು ಟ್ಯಾಬ್: ಒಬ್ಬರು ತೆಗೆಯುವವರು, ಒಬ್ಬರು ನಿಲ್ಲುವವರು, ಒಬ್ಬರು ನೋಡುವವರು. ತೆಗೆಯುವವರು ಮೂರು ಸಲ ಕೇಳಬೇಕು: ‘ತೆಗೀಲಾ?’, ತೆಗೆದದ್ದನ್ನು ತೋರಿಸಿ ‘ಇಟ್ಕೊಳ್ಳಲಾ?’, ಕೊನೆಗೆ ‘ಯಾರಿಗೆ ತೋರಿಸ್ಬಹುದು?’. ಎಡವಟ್ಟಾಗುವುದು ಎರಡನೆಯದರಲ್ಲಿ. ಮೊದಲೇ ‘ಹೂಂ’ ಅಂದಿದ್ದಾಳಲ್ಲ ಎಂದು ಅದನ್ನು ಹಾರಿಸಿಬಿಡುತ್ತಾರೆ. ಆದರೆ ಕಣ್ಣು ಮುಚ್ಚಿದ, ಬಾಯಿ ತೆರೆದ ಮುಖ ಕಾಣುವುದು ಫೋಟೊ ತೆಗೆದ ಮೇಲೆಯೇ. ಗೆಳೆಯರಿಗೆ ಬೇಡ ಅನ್ನಲು ಮಕ್ಕಳು ಹಿಂಜರಿಯುತ್ತಾರೆ. ಆದ್ದರಿಂದ ಮೊದಲ ಸುತ್ತಿನಲ್ಲಿ ನಿಂತವರೆಲ್ಲ ‘ಬೇಡ’ ಎಂದೇ ಹೇಳಬೇಕು, ತೆಗೆದವರು ಅವರೆದುರೇ ಅಳಿಸಬೇಕು ಎಂಬ ನಿಯಮವಿರಲಿ. ಎರಡನೇ ಸುತ್ತಿನಲ್ಲಿ ಅವರವರ ಇಷ್ಟ. ಪಾತ್ರ ಬದಲಿಸುತ್ತ ಹೋಗಿ.

ಟ್ಯಾಬ್‌ಗಳಿಗೆ 1ರಿಂದ 8ರವರೆಗೆ ನಂಬರ್ ಅಂಟಿಸಿ, ಅದೇ ಮೂವರಿಗೆ ಯಾವಾಗಲೂ ಅದೇ ಟ್ಯಾಬ್ ಕೊಡಿ. ದಿನಕ್ಕೊಬ್ಬರು ಪುಸ್ತಕದಲ್ಲಿ ಬರೆದು ತೆಗೆದುಕೊಂಡರೆ, ‘ನಾನಲ್ಲ ಟೀಚರ್’ ಕಡಿಮೆಯಾಗುತ್ತದೆ. ಊಟದ ಬಿಡುವಿನಲ್ಲಿ ಟ್ಯಾಬ್ ನಿಮ್ಮ ಮೇಜಿನ ಮೇಲಿರಲಿ. ಪಾಠದ ವೇಳೆ ಸೆಟ್ಟಿಂಗ್ಸ್‌ನ ಭದ್ರತೆ ವಿಭಾಗದಲ್ಲಿರುವ ಆ್ಯಪ್ ಪಿನ್ನಿಂಗ್ (ತೆರೆದ ಆ್ಯಪ್ ಬಿಟ್ಟು ಬೇರೆಡೆ ಹೋಗದಂತೆ ತಡೆಯುವ ಸೌಲಭ್ಯ) ಬಳಸಿ, ಬಿಡಿಸಲು ಪಿನ್ ಕೇಳುವ ಆಯ್ಕೆಯನ್ನೂ ಆನ್ ಮಾಡಿ. ಅದಿಲ್ಲದಿದ್ದರೆ ಮಕ್ಕಳು ಬಿಡಿಸುವುದನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ. ಫೋಟೊ ತೆಗೆದ ಜಾಗ ಅದರಲ್ಲಿ ದಾಖಲಾಗದಂತೆ ಕ್ಯಾಮೆರಾದ ಲೊಕೇಶನ್ ಆಫ್ ಇರಲಿ.

ಅಂದಹಾಗೆ, ಆಗಸ್ಟ್ 15ರ ಫೋಟೊಗಳನ್ನು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕುವಾಗ ಯಾರನ್ನಾದರೂ ಕೇಳುತ್ತೀರಾ? ಮಕ್ಕಳು ಅದನ್ನೂ ನೋಡುತ್ತಿರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಜೂನ್‌ನಲ್ಲೇ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆದಿಡಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಇಂಟರ್ನೆಟ್ ಬಳಸುವ ನಡವಳಿಕೆಯನ್ನು ಹೇಗೆ ಕಲಿಸುವುದು?
– ಶಿಕ್ಷಕರು, ಹೊಸನಗರ

ಉತ್ತರ: ಚೀಟಿಯಲ್ಲಿ. ನೀವೇ ಬಿಡಿಸಿದ ಚಿತ್ರವೊಂದನ್ನು ಗೋಡೆಗೆ ಅಂಟಿಸಿ, ಮಗುವಿನದ್ದು ಬೇಡ. ಎಲ್ಲರೂ ಒಂದೊಂದು ಅಭಿಪ್ರಾಯವನ್ನು ಮೊದಲು ಹೆಸರಿಲ್ಲದೆ, ಮರುದಿನ ಹೆಸರು ಹಾಕಿ ಬರೆಯಲಿ. ಎರಡೂ ರಾಶಿಯನ್ನು ಪಕ್ಕಪಕ್ಕ ಓದಿಸಿ, ಹೆಸರಿಲ್ಲದಾಗ ಮಾತು ಬದಲಾಗಿದೆಯೇ ಎಂದು ಮಕ್ಕಳೇ ನೋಡಲಿ. ಹೆಸರಿಲ್ಲದ ಚೀಟಿಗಳನ್ನು ಮೊದಲು ನೀವೊಬ್ಬರೇ ಓದಿ; ಚಿತ್ರ ಬಿಟ್ಟು ಇನ್ನಾವುದೋ ಮಗುವನ್ನು ಚುಚ್ಚಿ ಬರೆದ ಚೀಟಿ ಸಿಕ್ಕರೆ ಪಕ್ಕಕ್ಕಿಡಿ.

ಪಾಸ್‌ವರ್ಡ್ ಪಾಠಕ್ಕೂ ನೆಟ್ ಬೇಡ. ಊರು, ನಾಯಿ, ತಂಗಿಯ ಹೆಸರು ಚಿಕ್ಕ ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಸಂಬಂಧವಿಲ್ಲದ ಮೂರು ಪದಗಳನ್ನು ಜೋಡಿಸಲು ಹೇಳಿ: ಕಂಬಳಿ, ರೈಲು, ಉಪ್ಪು ಇದ್ದ ಹಾಗೆ. ಈ ಮೂರನ್ನೇ ನಕಲು ಮಾಡಿಕೊಳ್ಳದಂತೆ ನೋಡಿಕೊಳ್ಳಿ. ಪರದೆಯಲ್ಲಿ ಹೆದರಿಸುವಂಥದ್ದೇನಾದರೂ ಕಂಡರೆ ಯಾರಿಗೆ ಹೇಳಬೇಕೆಂದು ಪ್ರತಿ ಮಗುವೂ ಒಬ್ಬ ಹಿರಿಯರ ಹೆಸರು ಬರೆದಿಟ್ಟುಕೊಳ್ಳಲಿ, ಅದರ ಕೆಳಗೆ ಮಕ್ಕಳ ಸಹಾಯವಾಣಿ 1098.