ಗಾರ್ಮೆಂಟ್ಸ್ ಲೈನ್ ಸೂಪರ್‌ವೈಸರ್ ಕೈಯಲ್ಲಿ ಕೆಲಸಗಾರರ ಆರೋಗ್ಯ ಎಷ್ಟಿದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಟೈಲರ್ ಆಗಿದ್ದ ನೀವು ಈಗ ಸೂಪರ್‌ವೈಸರ್ ಆಗಿದ್ದೀರಿ. ಕಂಪನಿಯವರು ಹೆಲ್ತ್ ಕ್ಯಾಂಪ್ ಮಾಡಿಸುತ್ತಾರೆ, ಯೋಗ ಹೇಳಿಕೊಡಿಸುತ್ತಾರೆ. ಆದರೂ ನಿಮ್ಮ ಲೈನಿನಲ್ಲಿ, ಅಂದರೆ ನಿಮ್ಮ ಕೈಕೆಳಗೆ ಸಾಲಾಗಿ ಕೂತು ಹೊಲಿಯುವ ಹೆಂಗಸರು ಮೇಲಿಂದ ಮೇಲೆ ಹುಷಾರು ತಪ್ಪುತ್ತಾರೆ, ವರ್ಷ ತುಂಬುವ ಮೊದಲೇ ಕೆಲಸ ಬಿಡುತ್ತಾರೆ. ಇದರಲ್ಲಿ ನಿಮ್ಮ ಕೈಯಲ್ಲಿ ಏನಾದರೂ ಇದೆಯಾ, ಇಲ್ಲಾ ಇದೆಲ್ಲ ಮೇಲಿನವರ ವಿಷಯವಾ ಅಂತ ಕೇಳಿದ್ದೀರಿ.

ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ವೆಲ್‌ಫೇರ್ ಆಫೀಸರ್ ಆಗಿದ್ದವಳು. ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ನಿಮ್ಮ ಕೈಯಲ್ಲಿದೆ. ಆದರೆ ಎಲ್ಲವೂ ಇಲ್ಲ.

ಕುಡಿಯುವ ನೀರನ್ನೇ ತೆಗೆದುಕೊಳ್ಳಿ. 250ಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಬೇಸಿಗೆಯಲ್ಲಿ ತಣ್ಣನೆಯ ನೀರು ಇಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು. ನಾನಿದ್ದ ಕಡೆಯೆಲ್ಲ ಕೂಲರ್ ಇತ್ತು, ಆಡಿಟ್‌ಗೆ ಬಂದವರು ಅದನ್ನು ನೋಡಿ ಟಿಕ್ ಹಾಕಿಕೊಂಡು ಹೋಗುತ್ತಿದ್ದರು. ಆದರೆ ಕುಡಿಯುವವರು ಯಾರು? ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು. ಎದ್ದು ಹೋದರೆ ಮೆಷಿನ್ ಮುಂದೆ ಹೊಲಿಯಬೇಕಾದ ಬಟ್ಟೆಯ ಬಂಡಲ್ ರಾಶಿ ಬೀಳುತ್ತದೆ. ಆ ಗಂಟೆಯ ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಎಲ್ಲರೆದುರು ಕೂಗುತ್ತಾರೆ. ಅದಕ್ಕಿಂತ ಬಾಯಿ ಒಣಗಿಸಿಕೊಂಡು ಕೂರುವುದೇ ವಾಸಿ ಅಂತ ಅವರು ತೀರ್ಮಾನ ಮಾಡಿರುತ್ತಾರೆ. ಆಮೇಲೆ ಉರಿಮೂತ್ರ, ತಲೆನೋವು, ತಲೆಸುತ್ತು ಅಂತ ಸಿಕ್ ರೂಮ್‌ಗೆ ಬರುತ್ತಾರೆ. ನರ್ಸ್ ಮಾತ್ರೆ ಕೊಟ್ಟು "ನೀರು ಚೆನ್ನಾಗಿ ಕುಡೀಬೇಕಮ್ಮ" ಅನ್ನುತ್ತಾರೆ. ಇವರು ತಲೆ ಆಡಿಸಿ ಹೋಗುತ್ತಾರೆ.

ಸಿಕ್ ರೂಮ್ ರಿಜಿಸ್ಟರ್ ತಿರುವಿ ಹಾಕುವುದು ನನ್ನ ಕೆಲಸದಲ್ಲೇ ಸೇರಿತ್ತು. ಒಂದೇ ಫ್ಲೋರ್, ಒಂದೇ ಕ್ಯಾಂಟೀನ್, ಎರಡು ಲೈನಿನಲ್ಲೂ ಓಡುತ್ತಿರುವುದು ಒಂದೇ ಶರ್ಟ್. ಆದರೂ ಒಂದು ಲೈನಿನವರ ಹೆಸರು ಅದರಲ್ಲಿ ಪದೇ ಪದೇ ಬರುತ್ತಿತ್ತು, ಪಕ್ಕದ ಲೈನಿನವರದು ಅಪರೂಪ. ಸೂಪರ್‌ವೈಸರ್ ಬದಲಾದರೆ ರಿಜಿಸ್ಟರ್ ಕೂಡ ಬದಲಾಗುತ್ತಿತ್ತು.

ಇದು ನಾನು ಸುಮ್ನೆ ಕಂಡದ್ದು ಅಂತ ತಳ್ಳಿಹಾಕಬೇಡಿ. ಸ್ವೀಡನ್ನಿನಲ್ಲಿ 3,122 ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿಮ್ಮ ಬಾಸ್ ಕೆಲಸಕ್ಕೆ ಬೇಕಾದ ಮಾಹಿತಿ ಕೊಡುತ್ತಾರಾ, ಗುರಿ ಏನು ಅಂತ ಬಿಡಿಸಿ ಹೇಳುತ್ತಾರಾ, ವಹಿಸಿದ ಜವಾಬ್ದಾರಿಗೆ ತಕ್ಕ ಅಧಿಕಾರ ನಿಮಗಿದೆಯಾ, ಇಂಥ ಪ್ರಶ್ನೆಗಳನ್ನು ಮೊದಲೇ ಕೇಳಿಟ್ಟುಕೊಂಡಿದ್ದರು. ಬಾಸ್‌ಗೆ ಒಳ್ಳೆಯ ಅಂಕ ಕೊಟ್ಟವರಲ್ಲಿ ಮುಂದೆ ಹೃದಯದ ಕಾಯಿಲೆ ಕಡಿಮೆ ಕಂಡಿತು. ಒಂದೇ ಕಡೆ ಹೆಚ್ಚು ವರ್ಷ ದುಡಿದವರಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ಬಾಸ್‌ನಿಂದಲೇ ಕಾಯಿಲೆ ಬಂತು ಅಂತ ಇದರಿಂದ ಸಾಬೀತಾಗುವುದಿಲ್ಲ, ಅದು ಬೇರೆ ಮಾತು. ಆದರೆ ಆ ಪ್ರಶ್ನೆಗಳನ್ನು ಇನ್ನೊಮ್ಮೆ ಓದಿ. ಬಾಸ್ ನಗುನಗುತ್ತಾ ಮಾತಾಡುತ್ತಾರಾ ಅನ್ನುವುದು ಅಲ್ಲಿ ಮುಖ್ಯ ಅಲ್ಲ.

ನಮ್ಮಲ್ಲಿ "ಒಳ್ಳೆ ಸೂಪರ್‌ವೈಸರ್" ಅಂದರೆ ಹಬ್ಬಕ್ಕೆ ಸ್ವೀಟ್ ಹಂಚುವವರು, ಅಕ್ಕ ಅಕ್ಕ ಅಂತ ಮಾತಾಡಿಸುವವರು ಅಂತ ಆಗಿಬಿಟ್ಟಿದೆ. ಮಾತು ಚೆನ್ನಾಗಿರಲಿ, ಬೇಡ ಅನ್ನುವುದಿಲ್ಲ. ಮೈಗೆ ಆಗುವ ಪೆಟ್ಟು ಮಾತ್ರ ಕೆಲಸ ಹಂಚುವ ರೀತಿಯಲ್ಲಿದೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೇ ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಅವರ ಜೊತೆಗಾರರು ಮಾಡಿದ ಅಧ್ಯಯನಗಳಿವೆ. ಗಾಳಿಯಲ್ಲಿ ಸಣ್ಣ ಧೂಳು ಹೆಚ್ಚಾದ ಹೊತ್ತಿನಲ್ಲಿ ಪ್ರೊಡಕ್ಷನ್ ಇಳಿಯುತ್ತದೆ. ಆದರೆ ಧೂಳು ಎಲ್ಲರನ್ನೂ ಒಂದೇ ಥರ ಬಾಧಿಸುವುದಿಲ್ಲ. ಯಾರಿಗೆ ಕಷ್ಟವಾಗುತ್ತಿದೆ ಅಂತ ನೋಡಿ ಅವರವರು ಹೊಲಿಯುವ ಭಾಗವನ್ನು ಅದಲುಬದಲು ಮಾಡುವ ಸೂಪರ್‌ವೈಸರ್ ಇದ್ದರೆ ಆ ನಷ್ಟ ಕಡಿಮೆ. ಇನ್ನೊಂದರಲ್ಲಿ, ಹಳೆ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ ಮೇಲೆ ಸೆಕೆ ಹೆಚ್ಚಿರುವ ದಿನಗಳಲ್ಲಿ ಪ್ರೊಡಕ್ಷನ್ ಏರಿತ್ತು, ಯಾಕೆಂದರೆ ಎಲ್‌ಇಡಿ ಕಾಯುವುದು ಕಡಿಮೆ. ಕರೆಂಟ್ ಬಿಲ್ ಉಳಿಸಲು ಹಾಕಿದ ದೀಪ!

ಇನ್ನು ನಿಮ್ಮ ಲೈನಿಗೆ ಬರೋಣ. ಮೊದಲು ಒಬ್ಬ ರಿಲೀವರ್, ಅಂದರೆ ಎದ್ದವರ ಬದಲಿಗೆ ಕೂರುವವರನ್ನು, ತಯಾರು ಮಾಡಿಕೊಳ್ಳಿ. ಕಾಲರ್, ಕಫ್, ಸ್ಲೀವ್ ಮೂರನ್ನೂ ಹೊಲಿಯಬಲ್ಲವರು ಪ್ರತಿ ಲೈನಿನಲ್ಲೂ ಒಬ್ಬರಿರುತ್ತಾರೆ. ಅವರನ್ನು ಒಂದೇ ಮೆಷಿನ್‌ಗೆ ಕಟ್ಟಿ ಹಾಕಬೇಡಿ. ಯಾರು ಎದ್ದರೂ ಆ ಸೀಟಿಗೆ ಅವರು ಹೋಗಲಿ. ಬಂಡಲ್ ರಾಶಿ ಬೀಳುವುದಿಲ್ಲ ಅಂತ ಗೊತ್ತಾದರೆ ಜನ ತಾವೇ ನೀರು ಕುಡಿಯುತ್ತಾರೆ, ಪೋಸ್ಟರ್ ಅಂಟಿಸಬೇಕಾಗಿಲ್ಲ. ಟಾಯ್ಲೆಟ್‌ಗೆ ಟೋಕನ್ ಸಿಕ್ಕರೆ ಮಾತ್ರ ಹೋಗಬೇಕು ಅನ್ನುವ ಪದ್ಧತಿ ಇದ್ದರೆ ಅದನ್ನು ಇವತ್ತೇ ನಿಲ್ಲಿಸಿ.

ಆಮೇಲೆ ರಜೆ. ಇದು ಸ್ವಲ್ಪ ತೊಡಕಿನದು. ಕೆಲಸಗಾರರ ಸರ್ಕಾರಿ ವಿಮೆಯಾದ ಇಎಸ್‌ಐನಲ್ಲಿ ಕಾಯಿಲೆ ರಜೆಗೆ ಕೂಲಿಯ 70% ಸಿಗುತ್ತದೆ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನ ಲೆಕ್ಕಕ್ಕಿಲ್ಲ. ಅಂದರೆ ಎರಡು ದಿನದ ಜ್ವರಕ್ಕೆ ಏನೂ ಬರುವುದಿಲ್ಲ. ಅದರ ಮೇಲೆ ಎಷ್ಟೋ ಕಡೆ ಒಂದು ದಿನ ತಪ್ಪಿದರೂ ಅಟೆಂಡೆನ್ಸ್ ಬೋನಸ್ ಹೋಗುತ್ತದೆ. ಹಾಗಾಗಿ ಜ್ವರ ಇಟ್ಟುಕೊಂಡೇ ಬಂದು ಕೂರುತ್ತಾರೆ. ಪಕ್ಕದವರಿಗೂ ಹಬ್ಬುತ್ತದೆ, ತಪ್ಪಾಗಿ ಮತ್ತೆ ಹೊಲಿಯಬೇಕಾದ ಆಲ್ಟರೇಷನ್ ಪೀಸ್ ಹೆಚ್ಚಾಗುತ್ತದೆ, ಕೊನೆಗೆ ಎರಡು ದಿನದ ಬದಲು ವಾರ ಮಲಗುತ್ತಾರೆ. ಬೋನಸ್ ನಿಯಮ ಬದಲಿಸುವುದು ನಿಮ್ಮಿಂದ ಆಗುವುದಿಲ್ಲ. ಆದರೆ ಜ್ವರ ಬಂದವರಿಗೆ ಮಧ್ಯಾಹ್ನ ಗೇಟ್ ಪಾಸ್ ಬರೆದುಕೊಡುವುದು ಆಗುತ್ತದೆ. ಮಗುವಿಗೆ ಹುಷಾರಿಲ್ಲ ಅಂದವರನ್ನು "ನಿಂದು ಯಾವಾಗಲೂ ಇದೇ ಕಥೆ" ಅನ್ನದೇ ಇರುವುದೂ ಆಗುತ್ತದೆ. ಅಲ್ವಾ?

ನಿಮ್ಮ ಕೈಯಲ್ಲಿ ಇಲ್ಲದ್ದು ಟಾರ್ಗೆಟ್. ಅದು ಪೀಸಿಗೆ ಇಷ್ಟು ನಿಮಿಷ ಅಂತ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ಡಿಪಾರ್ಟ್‌ಮೆಂಟ್ ಹಾಕಿದ ಲೆಕ್ಕದಿಂದ ಬರುತ್ತದೆ, ಅವರ ಹಿಂದೆ ಬಟ್ಟೆ ಕೊಳ್ಳುವ ಬೈಯರ್ ಕೊಟ್ಟ ಶಿಪ್‌ಮೆಂಟ್ ತಾರೀಖು ನಿಂತಿರುತ್ತದೆ. ಪ್ರೊಡಕ್ಷನ್ ಮ್ಯಾನೇಜರ್ (ಪಿಎಂ) ನಿಮ್ಮನ್ನು ಬೈಯುತ್ತಾರೆ, ನೀವು ಲೈನನ್ನು ಬೈಯುತ್ತೀರಿ. ಬಿಪಿ ಮಾತ್ರೆ ಕೇಳಿಕೊಂಡು ನನ್ನ ಹತ್ತಿರ ಬರುತ್ತಿದ್ದವರಲ್ಲಿ ಸೂಪರ್‌ವೈಸರ್‌ಗಳೂ ಇದ್ದರು. ಹಾಗಾಗಿ ಈ ಬೈಗುಳ ಕೆಳಗೆ ಇಳಿಯದ ಹಾಗೆ ನೀವೇ ತಡೆದು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಒಬ್ಬರ ಮೇಲೆ ಅಷ್ಟು ಭಾರ ಹಾಕುವುದು ಅನ್ಯಾಯ. ಅದರ ಬದಲು ಲೆಕ್ಕ ಇಡಿ. ಯಾವ ಗಂಟೆಯಲ್ಲಿ ಟಾರ್ಗೆಟ್ ತಪ್ಪಿತು, ಮೆಷಿನ್ ಕೆಟ್ಟಿತ್ತಾ, ಕಟಿಂಗ್‌ನಿಂದ ಕತ್ತರಿಸಿದ ಬಟ್ಟೆ ಬರುವುದು ತಡವಾಯಿತಾ, ಎಷ್ಟು ಟೈಲರ್ ಬಂದಿರಲಿಲ್ಲ, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಪಿಎಂ ಮುಂದೆ "ನನ್ನ ಜನಕ್ಕೆ ಸುಸ್ತಾಗಿದೆ ಸಾರ್" ಅಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. "ಹೋದ ತಿಂಗಳು ಬಿಟ್ಟು ಹೋದವರ ಜಾಗಕ್ಕೆ ಬಂದ ಹೊಸ ಟೈಲರ್‌ಗಳು ಇನ್ನೂ ಹಳಬರ ಅರ್ಧದಷ್ಟು ಪೀಸ್ ಕೂಡ ಕೊಡುತ್ತಿಲ್ಲ, ಲೆಕ್ಕ ಇಲ್ಲಿದೆ" ಅಂದರೆ ಕೇಳುತ್ತಾರೆ. ಅವರಿಗೂ ಅವರ ಮೇಲಿನವರಿಗೆ ತೋರಿಸಲು ಏನಾದರೂ ಬೇಕಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಕೆಲಸ ಮುಗಿಯಿತು ಅಂತ ಪಂಚ್ ಔಟ್ ಮಾಡಿಸಿ ಮತ್ತೆ ಮೆಷಿನ್ ಮೇಲೆ ಕೂರಿಸಿ ಅಂತ ಹೇಳಿದರೆ ಆಗುವುದಿಲ್ಲ ಅನ್ನಿ. ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಕೊಡಬೇಕು ಅನ್ನುವುದು ಕಾನೂನು. ನಾಳೆ ತನಿಖೆ ಅಂತ ಬಂದರೆ ಆ ದಿನದ ಶೀಟ್‌ನಲ್ಲಿ ಇರುವುದು ಪಿಎಂ ಸಹಿ ಅಲ್ಲ, ನಿಮ್ಮದು.