ಲಾಬಾನನ ಮನೆಯಲ್ಲಿ ಒಂಬತ್ತು ವರ್ಷ

ದಾವಣಗೆರೆಯ ಹಳೆಯ ಪೇಟೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ 9 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದ 38 ವರ್ಷದ ಮಹಿಳೆಯೊಬ್ಬರು, ನೌಕರಿ ಬಿಡುವುದು ದೇವರ ಚಿತ್ತವೋ ಅಲ್ಲವೋ ತಿಳಿಯದೆ ಒದ್ದಾಡುತ್ತ ಸಲಹೆ ಕೇಳಲು ನನ್ನ ಬಳಿ ಬಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ; ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅಂಗಡಿಯ ಆಡಳಿತ ಮಾಲೀಕರ ಅಳಿಯನ ಕೈಗೆ ಬಂದ ಮೇಲೆ ಗಿರಾಕಿಗಳ ಎದುರಿನಲ್ಲಿಯೇ ಬೈಯುವುದು ದಿನಚರಿಯಾಗಿತ್ತು. ಸಂಜೆ ನಗದು ಕಡಿಮೆ ಬಿದ್ದರೆ, ಕೌಂಟರಿನಲ್ಲಿ ಮೂವರು ಕೈಯಾಡಿಸಿದ್ದರೂ, ಇವರೊಬ್ಬರ ಸಂಬಳದಲ್ಲಿ ಮುರಿಯಲಾಗುತ್ತಿತ್ತು. ಅದನ್ನು ಪ್ರಶ್ನಿಸಿದ ದಿನ ಬಂದ ಉತ್ತರ, "ನಿಮ್ ಯೇಸುಸ್ವಾಮಿ ಹತ್ರ ಇಸ್ಕೊಳ್ಳಿ." ಐದು ತಿಂಗಳ ಹಿಂದೆ ಗೂಡ್ಸ್ ಆಟೊ ಓಡಿಸುತ್ತಿದ್ದ ಗಂಡನ ಕಾಲು ಮುರಿದು, ಮನೆಗೆ ಇವರದೊಂದೇ ದುಡಿಮೆ ಉಳಿದಿತ್ತು. ಆಕೆಯ ಕ್ರೈಸ್ತ ಸಭೆಯ ಸಹೋದರಿಯರು ಬೈಬಲಿನಲ್ಲಿರುವ ಪೇತ್ರನ ಮೊದಲ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ತೋರಿಸಿ, ವಕ್ರಬುದ್ಧಿಯ ಯಜಮಾನನಿಗೂ ಅಧೀನಳಾಗಿರಬೇಕು, ಇದು ನಿನ್ನ ಶಿಲುಬೆ ಎಂದಿದ್ದರು.

ಆಕೆಯ ಚೀಲದಲ್ಲಿ ಇನ್ನೂರು ಪುಟದ ನೋಟ್‌ಬುಕ್ ಒಂದಿತ್ತು. ಅದರಲ್ಲಿ ಮುಂದಿನಿಂದ ಪ್ರಾರ್ಥನೆಯ ವಿಷಯಗಳನ್ನೂ ಹಿಂದಿನಿಂದ ಸಾಲದ ಲೆಕ್ಕವನ್ನೂ ಬರೆದಿದ್ದರು. ಅಂಗಡಿಯ ಕೋಟಿಗಟ್ಟಲೆ ವಹಿವಾಟನ್ನು ಪೈಸೆ ತಪ್ಪದಂತೆ ಬರೆಯುವವರು ತಮ್ಮ ಮನೆಯ ಸಾಲವನ್ನು ಮಾತ್ರ ಒಮ್ಮೆಯೂ ಕೂಡಿ ನೋಡಿರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ನೌಕರಿಯ ಮಾತನ್ನೇ ಎತ್ತಲಿಲ್ಲ. ನಿದ್ದೆ, ಊಟ ಹೇಗಿದೆ ಎಂದು ಕೇಳಿದೆ. ಎರಡು ತಿಂಗಳಿಂದ ಮಧ್ಯಾಹ್ನ ಹತ್ತು ರೂಪಾಯಿಯ ಮಂಡಕ್ಕಿಯಲ್ಲಿ ಹೊಟ್ಟೆ ತುಂಬಿಸುತ್ತಿದ್ದರು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಜೀವ ಬೇಡವೆನಿಸಿದೆಯೇ ಎಂದು ನೇರವಾಗಿ ಕೇಳಿದಾಗ, "ಸಾಯ್ಬೇಕು ಅಂತಲ್ಲ ಮೇಡಂ, ಬೆಳಿಗ್ಗೆ ಎಚ್ಚರ ಆಗ್ದೆ ಇದ್ರೆ ಸಾಕು ಅನ್ಸುತ್ತೆ" ಎಂದರು. ಪ್ರವಾದಿ ಎಲೀಯನು ಜಾಲಿಗಿಡದ ಕೆಳಗೆ ಕುಳಿತು ಇಂಥದೇ ಮಾತನಾಡಿದ್ದನ್ನೂ, ಆಗ ದೂತನು ಅವನಿಗೆ ಉಪದೇಶ ಮಾಡದೆ ರೊಟ್ಟಿ ಮತ್ತು ನೀರು ಕೊಟ್ಟು, ಮಲಗಲು ಬಿಟ್ಟು, ಎಬ್ಬಿಸಿ ಮತ್ತೊಮ್ಮೆ ಉಣ್ಣಿಸಿದ್ದನ್ನೂ ನೆನಪಿಸಿದೆ. ಆ ವಾರದ ಮಟ್ಟಿಗೆ ಉಪವಾಸ ಪ್ರಾರ್ಥನೆ ನಿಲ್ಲಿಸುವುದು, ಮಧ್ಯಾಹ್ನಕ್ಕೆ ಡಬ್ಬಿ ಕಟ್ಟಿಕೊಳ್ಳುವುದು, ವೈದ್ಯರನ್ನು ಕಾಣುವುದು, ರಾತ್ರಿ ಆ ಯೋಚನೆ ಬಲವಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡುವುದು, ಇಷ್ಟೇ ನನ್ನ ಸಲಹೆಯಾಗಿತ್ತು.

ಶಿಲುಬೆಯ ಮಾತು ಎರಡನೆಯ ಭೇಟಿಯಲ್ಲಿ ಬಂತು. ಪೇತ್ರನು ಆ ಮಾತನ್ನು ಬರೆದದ್ದು ಬಿಟ್ಟುಹೋಗುವ ಹಕ್ಕೇ ಇಲ್ಲದ ಮನೆಯಾಳುಗಳಿಗೆ; ನಿಮ್ಮ ಕೈಯಲ್ಲಿ ನೇಮಕಾತಿ ಪತ್ರವಿದೆ ಎಂದೆ. ದಾಸರನ್ನು ಕುರಿತು ಬರೆಯುವಾಗ ಪೌಲನು, ಬಿಡುಗಡೆ ಸಿಗುವಂತಿದ್ದರೆ ಅದನ್ನೇ ಆರಿಸಿಕೊಳ್ಳಿ ಎನ್ನುತ್ತಾನೆ. ಯಾಕೋಬನು ಮಾವ ಲಾಬಾನನ ಬಳಿ 20 ವರ್ಷ ದುಡಿದನು; ತನ್ನ ಪಾಲಿನ ಮಂದೆಯೊಡನೆ ಅಲ್ಲಿಂದ ಹೊರಟನು; ಬೆನ್ನಟ್ಟಿ ಬಂದ ಲಾಬಾನನಿಗೆ, ಸಂಬಳವನ್ನು ಹತ್ತು ಸಾರಿ ಬದಲಿಸಿದೆ ಎಂದು ಮುಖಕ್ಕೆ ಹೇಳಿದನು. ಕೂಲಿಯವನ ಕೂಲಿಯನ್ನು ರಾತ್ರಿಯೆಲ್ಲ ಇಟ್ಟುಕೊಳ್ಳಬಾರದೆಂಬುದು ಯಾಜಕಕಾಂಡದ ವಿಧಿ. ಆಕೆ ಬಹಳ ಹೊತ್ತು ಸುಮ್ಮನಿದ್ದು, ತಂದೆಯ ಕಥೆ ಹೇಳಿದರು. ಅವರು ಊರಿನ ಹತ್ತಿಗಿರಣಿಯಲ್ಲಿದ್ದವರು. ಗಿರಣಿ ಮುಚ್ಚಿದ ಮೇಲೂ ವರ್ಷಗಟ್ಟಲೆ ಗೇಟಿನವರೆಗೆ ಹೋಗಿ ಬರುತ್ತಿದ್ದರಂತೆ. ಕೆಲಸ ಬಿಡುವ ಭಯಕ್ಕೆ ವಚನಕ್ಕಿಂತ ಈ ನೆನಪೇ ಹೆಚ್ಚು ಕಾರಣವೆಂದು ನನಗೆ ಅನಿಸಿತು, ಆಕೆಯೂ ಒಪ್ಪಿದರು.

ಮೂರನೆಯ ಭೇಟಿ ಪೂರ್ತಿ ಲೆಕ್ಕಕ್ಕೆ ಹೋಯಿತು. ಸಂಬಳ 16,000, ಭವಿಷ್ಯನಿಧಿಗೆ 1,560, ನೌಕರರ ಆರೋಗ್ಯ ವಿಮೆಯಾದ ಇಎಸ್‌ಐಗೆ 120 ಕಳೆದು ಕೈಗೆ 14,320, ಅದರಲ್ಲಿ ನಗದು ಕೊರತೆಯ ಹೆಸರಿನಲ್ಲಿ 800ರಿಂದ 1,000 ಮುರಿತ. ಎರಡು ಕಿರುಸಾಲ ಸಂಘಗಳ ಕಂತು 5,350, ಚೀಟಿ 2,000, ಅಡವಿಟ್ಟ ಚಿನ್ನದ ಬಡ್ಡಿ 900, ನೂರಕ್ಕೆ ಮೂರರಂತೆ ತಂದ 40,000 ಕೈಸಾಲದ ಬಡ್ಡಿ 1,200, ಬಾಡಿಗೆ 4,500. ಅಕ್ಕಿಬೇಳೆಗೆ ಮೊದಲೇ 13,950. ಸಂಬಳದ ಹತ್ತರಲ್ಲೊಂದು ಪಾಲನ್ನು ಸಭೆಗೆ ಕಾಣಿಕೆ ಕೊಡುವ ದಶಮಾಂಶದ 1,600 ಬೇರೆ. ಮೊತ್ತ ಬರೆದು ಪೆನ್ನು ಕೆಳಗಿಟ್ಟವರು, "ಇದು ಪ್ರಾರ್ಥನೆಯಿಂದ ಕೂಡೋ ಲೆಕ್ಕ ಅಲ್ಲ ಬಿಡಿ" ಎಂದು ನಕ್ಕರು. ಆಕೆ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೊಬೈಲಿನಲ್ಲಿ ಭವಿಷ್ಯನಿಧಿಯ ಪಾಸ್‌ಬುಕ್ ತೆರೆದಾಗ ಕಳೆದ ಏಳು ತಿಂಗಳ ಹಣ ಜಮೆಯೇ ಆಗಿರಲಿಲ್ಲ. ಸಂಬಳದಲ್ಲಿ ಹಿಡಿದದ್ದನ್ನು ಕಟ್ಟದಿರುವುದು ಅಪರಾಧ. ಅದಕ್ಕೆ ಭವಿಷ್ಯನಿಧಿ ಕಚೇರಿಯಲ್ಲಿ ಆನ್‌ಲೈನ್ ದೂರು ಕೊಡಬಹುದು. ನಗದು ಕೊರತೆಗೆ ಸಂಬಳ ಮುರಿಯುವ ಮುನ್ನ ನೌಕರರ ವಿವರಣೆ ಕೇಳಬೇಕು, ಅವರ ನಿರ್ಲಕ್ಷ್ಯವೇ ಕಾರಣವೆಂದು ಕಂಡುಬಂದಿರಬೇಕು. ಐದು ವರ್ಷ ತುಂಬಿದವರು ತಾವಾಗಿ ರಾಜೀನಾಮೆ ಕೊಟ್ಟರೂ, ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಇಡುಗಂಟಾದ ಗ್ರಾಚ್ಯುಟಿ ಬರುತ್ತದೆ. ಮೂಲವೇತನ, ತುಟ್ಟಿಭತ್ಯೆ ಸೇರಿ 13,000 ಇರುವ ಇವರಿಗೆ ವರ್ಷಕ್ಕೆ 7,500ರಂತೆ 67,500. ನನ್ನನ್ನು ಹೆಚ್ಚು ನೋಯಿಸಿದ್ದು ಇಎಸ್‌ಐ ವಿಷಯ. ತಿಂಗಳು ತಿಂಗಳು ವಂತಿಗೆ ಮುರಿಯುತ್ತಿದ್ದರೂ, ಊರಿನಲ್ಲಿಯೇ ಇಎಸ್‌ಐ ಆಸ್ಪತ್ರೆ ಇದ್ದರೂ, ಗಂಡನಿಗೂ ಆ ಸೌಲಭ್ಯ ಸಲ್ಲುತ್ತದೆಂದು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಬಳೆ ಅಡವಿಟ್ಟಿದ್ದರು. ಮುಂದಿನ ಚಿಕಿತ್ಸೆಗಾದರೂ ಅಲ್ಲಿ ಹೋಗಿ ವಿಚಾರಿಸಿ ಎಂದೆ.

ಕೋಪದಲ್ಲಿ ಬಿಟ್ಟು ಹೊರಡಬೇಡಿ, ಬೇರೆ ಕೆಲಸ ಹುಡುಕುತ್ತಲೇ ಮುರಿತದ ಪ್ರತಿ ದಿನಾಂಕವನ್ನೂ ಬರೆದಿಡಿ ಎಂದು ಹೇಳಿದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಚೀಟಿ ಬರೆದುಕೊಟ್ಟೆ. ಫಿಲಿಪ್ಪಿಯಲ್ಲಿ ಪೌಲನನ್ನು ಸೆರೆಮನೆಯಿಂದ ಗುಟ್ಟಾಗಿ ಬಿಟ್ಟು ಕಳುಹಿಸಲು ನೋಡಿದಾಗ, ಅಧಿಕಾರಿಗಳೇ ಬಂದು ಕರೆದೊಯ್ಯಲಿ ಎಂದು ರೋಮ್ ಪೌರನ ಹಕ್ಕನ್ನು ಮುಂದಿಟ್ಟದ್ದು ಆಕೆಗೆ ಬಹಳ ಹಿಡಿಸಿತು. ಸಂಘದ ವಸೂಲಿಯವರು ಅಂಗಡಿಗೇ ಬಂದು ಗಲಾಟೆ ಮಾಡುವ ಭಯವಿತ್ತು. ಅಂಥ ಬಲವಂತವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆಯೇ ಬಂದದ್ದನ್ನು ತಿಳಿಸಿದೆ. ಆದರೆ ಕಂತು ತಪ್ಪಿಸಿ ಅಡಗುವುದಕ್ಕಿಂತ ಶಾಖೆಗೆ ಹೋಗಿ ಅವಧಿ ವಿಸ್ತರಿಸಲು ಕೇಳುವುದು ಮೇಲು ಎಂದೂ ಹೇಳಿದೆ. ಮಗಳ ಕಾಲೇಜಿಗೆಂದು ಕಟ್ಟುತ್ತಿದ್ದ 50,000ದ ಚೀಟಿಯನ್ನು ನಷ್ಟವಾದರೂ ಕೂಗಿ ಎತ್ತಿ, ಮೊದಲು ಕೈಸಾಲ ತೀರಿಸುವುದಕ್ಕೆ ಮನಸ್ಸು ಒಪ್ಪಲು ಎರಡು ವಾರ ಬೇಕಾಯಿತು. ದಶಮಾಂಶದ ಬಗ್ಗೆ ನಾನು ತೀರ್ಪು ಕೊಡಲಿಲ್ಲ, ಅದು ನನ್ನ ಅಧಿಕಾರವಲ್ಲ. ಸಭಾಪಾಲಕರಾದ ಅಯ್ಯನವರ ಮುಂದೆ ಇದೇ ಲೆಕ್ಕದ ಪುಟವಿಡಿ ಎಂದೆ. ಪುಟ ನೋಡಿದ ಅಯ್ಯನವರು, ಸಾಲ ತೀರುವತನಕ ಕಾಣಿಕೆ ಬೇಡವೆಂದು ಹೇಳಿ, ಸಭೆಯ ಸಹಾಯನಿಧಿಯಿಂದ ಒಂದು ತಿಂಗಳ ಬಾಡಿಗೆಯನ್ನು ತಾವೇ ಕೊಡಿಸಿದರು.

ಈಗ ನಾಲ್ಕು ತಿಂಗಳಾಗಿದೆ. ಕೈಸಾಲ ತೀರಿದೆ, ಚಿನ್ನ ಇನ್ನೂ ಅಡವಿನಲ್ಲಿದೆ. ದೂರಿನ ನಂತರ ಭವಿಷ್ಯನಿಧಿಯ ಐದು ತಿಂಗಳ ಬಾಕಿ ಜಮೆಯಾಗಿದೆ. ಬೈಗುಳ ನಿಂತಿದೆ, ಬದಲಿಗೆ ಅಂಗಡಿಯಲ್ಲಿ ಯಾರೂ ಇವರೊಡನೆ ಮಾತನಾಡುವುದಿಲ್ಲ. ಹರಿಹರದಲ್ಲಿ 14,500ರ ಕೆಲಸವೊಂದು ಸಿಕ್ಕಿದೆ. ಬಸ್ ಖರ್ಚು ಕಳೆದರೆ ಎಷ್ಟು ಉಳಿಯುತ್ತದೆ ಎಂಬುದನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ತಂದಿದ್ದರು. ರಾಜೀನಾಮೆ ಪತ್ರವೂ ಅದರೊಳಗಿತ್ತು. ಸಹಿ ಹಾಕಿದ್ದರು, ದಿನಾಂಕ ಹಾಕಿರಲಿಲ್ಲ.